ಸರ್ವರಿನಲ್ಲಿದ್ದ ಹಳದಿ ಬಣ್ಣದ ಫೋಲ್ಡರ್

ಬೇರೆಯವರ ಕಂಪ್ಯೂಟರಿನ ಮುಂದೆ ಕೂತಾಗ ಜಯಾನಂದನ ಕಣ್ಣಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಫೈಲಿನ ಹೆಸರು ಓದುತ್ತಿತ್ತು, ಒಳಗಿನದನ್ನು ಓದುತ್ತಿರಲಿಲ್ಲ. ಇದನ್ನು ಅವನು ಕಷ್ಟಪಟ್ಟು ಕಲಿತದ್ದು. ಕೆಲಸಕ್ಕೆ ಇಳಿದ ಹೊಸತರಲ್ಲಿ, ದೆಹಲಿಯ ಕರೋಲ್ ಬಾಗಿನ ಒಂದು ಆಡಿಟರ್ ಕಚೇರಿಯಲ್ಲಿ ಗುಮಾಸ್ತರೊಬ್ಬರ ಯಂತ್ರ ರಿಪೇರಿ ಮಾಡುವಾಗ, ಅವರು ಬೇರೆ ಕಡೆ ಕೆಲಸಕ್ಕೆ ಬರೆದಿದ್ದ ಅರ್ಜಿ ಕಣ್ಣಿಗೆ ಬಿತ್ತು. ಹಿಂದೆ ಯಜಮಾನರು ನಿಂತಿದ್ದಾರೆ ಎಂಬುದನ್ನೂ ಗಮನಿಸದೆ, ಹೊಸ ಕೆಲಸ ಸಿಕ್ಕಿತಾ ಎಂದು ನಗುತ್ತ ಕೇಳಿಬಿಟ್ಟ. ಸಂಜೆಯೊಳಗೆ ಆ ಮನುಷ್ಯನ ಕೆಲಸ ಹೋಯಿತು. ಹೋಗುವಾಗ ಅವರು ಜಯಾನಂದನನ್ನು ಬೈಯಲಿಲ್ಲ. ಒಮ್ಮೆ ನೋಡಿದರು, ಅಷ್ಟೇ. ಬೈದಿದ್ದರೆ ಮರೆಯಬಹುದಿತ್ತೇನೋ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಮುಲ್ಕಿಯಿಂದ ದೆಹಲಿಗೆ ಬಂದವನು. ಮುನಿರ್ಕಾದಲ್ಲಿ ಭಾವನ ಹೋಟೆಲು, ಅಲ್ಲಿ ಗಲ್ಲಾದ ಮೇಲೆ ಕೂರುವ ಕೆಲಸ. ಹೋಟೆಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ಮೇಷ್ಟ್ರಿಗೆ ಕಾಫಿ ಕೊಂಡೊಯ್ದವನು ಬಾಗಿಲಲ್ಲಿ ನಿಂತು ನೋಡಿದ, ಆಮೇಲೆ ಒಳಗೆ ಕೂತ, ಆರು ವರ್ಷಗಳಲ್ಲಿ ಹೋಟೆಲು ಬಿಟ್ಟ. ಎರಡು ಸಾವಿರದ ಆರರ ಹೊತ್ತಿಗೆ ಅವನಿಗೆ ಮೂವತ್ತೊಂಬತ್ತು. ಓಖ್ಲಾದಿಂದ ಗುಡಗಾಂವ್‌ವರೆಗೆ ಒಂಬತ್ತು ಸಣ್ಣ ಕಚೇರಿಗಳ ಕಂಪ್ಯೂಟರ್ ಜಾಲ ಅವನೊಬ್ಬನ ಕೈಯಲ್ಲಿತ್ತು. ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂಡ್ರೈವರು, ಕೇಬಲ್ಲು, ಜೊತೆಗೊಂದು ಉದ್ದನೆಯ ನೋಟ್‌ಬುಕ್ಕು. ಸರ್ವರಿನಲ್ಲಿ ಏನು ಬದಲಾಯಿಸಿದರೂ ದಿನಾಂಕ, ಹೊತ್ತು, ಮಾಡಿದ ಕೆಲಸ ಬರೆದು, ಹೇಳಿದವರಿಂದ ಸಹಿ ಹಾಕಿಸಿಕೊಳ್ಳುವುದು ಅವನ ಕ್ರಮ. ಕೆಲವರು ನಗುತ್ತಿದ್ದರು, ಆದರೂ ಸಹಿ ಹಾಕುತ್ತಿದ್ದರು.

ಆ ಒಂಬತ್ತರಲ್ಲಿ ದೊಡ್ಡದು ಗುಡಗಾಂವಿನ ಉದ್ಯೋಗ್ ವಿಹಾರದ ಸಭರ್ವಾಲ್ ಅವರ ಕಚೇರಿ. ಮರದ ಆಟಿಕೆ ಮಾಡಿ ಹೊರದೇಶಕ್ಕೆ ಕಳಿಸುವ ವ್ಯಾಪಾರ. ಕಾರ್ಖಾನೆ ಮಾನೇಸರದಲ್ಲಿ, ಕಚೇರಿ ಇಲ್ಲಿ. ಇಪ್ಪತ್ತೆರಡು ಕಂಪ್ಯೂಟರು, ಒಂದು ಸರ್ವರು. ಎರಡು ವರ್ಷದ ಹಿಂದೆ ಆಟಿಕೆಗಳ ನಕ್ಷೆ ಬರೆಯುವವರ ಯಂತ್ರದ ಡಿಸ್ಕ್ ಒಂದು ಬೆಳಿಗ್ಗೆ ಕೆಟ್ಟು ನಿಂತು, ಒಂದು ಋತುವಿನ ಕೆಲಸವೆಲ್ಲ ಮಣ್ಣುಪಾಲಾಗಿತ್ತು. ಹಾಗೆ ಮತ್ತೆ ಆಗಬಾರದೆಂದು ಸಭರ್ವಾಲ್ ಕೇಳಿದಾಗ ಜಯಾನಂದ ಸರ್ವರಿನಲ್ಲಿ ಒಂದು ನಿಯಮ ಬರೆದಿಟ್ಟ. ಗ್ರೂಪ್ ಪಾಲಿಸಿ ಎಂದು ಅದರ ಹೆಸರು. ಸರ್ವರಿನಲ್ಲಿ ಒಮ್ಮೆ ಬರೆದರೆ ಇಪ್ಪತ್ತೆರಡು ಯಂತ್ರಗಳೂ ಪಾಲಿಸುತ್ತವೆ. ಆ ನಿಯಮದಿಂದ ಪ್ರತಿಯೊಬ್ಬರ ‘ಮೈ ಡಾಕ್ಯುಮೆಂಟ್ಸ್’ ಫೋಲ್ಡರು ಅವರ ಮೇಜಿನ ಯಂತ್ರದಲ್ಲಿ ಇದ್ದಂತೆ ಕಂಡರೂ ನಿಜಕ್ಕೂ ಇರುವುದು ಸರ್ವರಿನಲ್ಲಿ. ಮೇಜಿನ ಯಂತ್ರ ಸತ್ತರೂ ಕಾಗದಪತ್ರ ಸಾಯುವುದಿಲ್ಲ.

ಆ ನಿಯಮದ ಪುಟದಲ್ಲಿ ಒಂದು ಸಣ್ಣ ಚೌಕ ಇದೆ. ಅದರಲ್ಲಿ ಟಿಕ್ ಹಾಕಿದರೆ ಫೋಲ್ಡರಿನ ಒಡೆಯನ ಹೊರತು ಬೇರೆ ಯಾರಿಗೂ, ಸರ್ವರ್ ನೋಡಿಕೊಳ್ಳುವವನಿಗೂ ಸಹ, ಒಳಗೆ ಪ್ರವೇಶವಿಲ್ಲ. ಜಯಾನಂದ ಅದರಲ್ಲಿ ಟಿಕ್ ಹಾಕಿಟ್ಟಿದ್ದ. ಅದರ ಕೆಳಗೆ ಇನ್ನೊಂದು ಆಯ್ಕೆ. ಮುಂದೆಂದಾದರೂ ಈ ನಿಯಮವನ್ನೇ ತೆಗೆದುಹಾಕಿದರೆ ಫೋಲ್ಡರುಗಳು ಸರ್ವರಿನಲ್ಲೇ ಉಳಿಯಬೇಕೋ, ಅವರವರ ಯಂತ್ರಕ್ಕೆ ಮರಳಬೇಕೋ ಎಂಬುದು. ಮರಳಲಿ ಎಂದು ಗುರುತು ಮಾಡಿದ್ದ. ಸಭರ್ವಾಲ್ ಎರಡಕ್ಕೂ ನೋಟ್‌ಬುಕ್ಕಿನಲ್ಲಿ ಸಹಿ ಹಾಕಿದ್ದರು, ಓದಿರಲಿಲ್ಲ.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಭರ್ವಾಲ್ ಅವರೇ ಫೋನ್ ಮಾಡಿದರು. ತಕ್ಷಣ ಬರಬೇಕು, ಬೇರೆ ಯಾರಿಗೂ ಹೇಳಬೇಕಾಗಿಲ್ಲ ಎಂದರು. ಹೆದ್ದಾರಿಯಲ್ಲಿ ಮೇಲ್ಸೇತುವೆಗಳ ಕೆಲಸ ನಡೆದು ರಸ್ತೆಯೆಲ್ಲ ಧೂಳು. ಜಯಾನಂದ ತಲುಪಿದಾಗ ಹನ್ನೊಂದೂಕಾಲು. ಸಭರ್ವಾಲ್ ಮೆಟ್ಟಿಲ ಬಳಿಯೇ ಕಾಯುತ್ತಿದ್ದರು. ಅವನನ್ನು ನೇರ ಸರ್ವರ್ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಎ.ಸಿ. ಇದ್ದರೂ ಅವರ ಕುತ್ತಿಗೆ ಬೆವೆತಿತ್ತು.

ಗುಣಮಟ್ಟ ವಿಭಾಗದ ಸಿಂಧೂರಳ ಫೋಲ್ಡರು ತೆರೆಯಬೇಕು ಎಂದರು. ಅವಳು ಮಧ್ಯಾಹ್ನದವರೆಗೆ ಮಾನೇಸರದಲ್ಲಿರುತ್ತಾಳೆ, ಅಷ್ಟರೊಳಗೆ ಆಗಬೇಕು.

ಸಿಂಧೂರ ಜಯಾನಂದನಿಗೆ ಗೊತ್ತಿದ್ದವಳು. ತುಮಕೂರಿನವಳು, ಇಪ್ಪತ್ತಾರು ವರ್ಷ, ರಸಾಯನಶಾಸ್ತ್ರ ಓದಿದವಳು. ಇಡೀ ಕಚೇರಿಯಲ್ಲಿ ಅವನೊಡನೆ ಕನ್ನಡ ಮಾತನಾಡುತ್ತಿದ್ದದ್ದು ಅವಳೊಬ್ಬಳೇ. ಅವನು ಹೋದಾಗಲೆಲ್ಲ ಪ್ರಿಂಟರಿನ ದೂರು ಹೇಳುವ ನೆಪದಲ್ಲಿ ಐದು ನಿಮಿಷ ಹರಟೆ ಹೊಡೆಯುತ್ತಿದ್ದಳು.

ಒಡೆಯರ ಹೊರತು ಯಾರಿಗೂ ಆ ಫೋಲ್ಡರು ತೆರೆಯುವುದಿಲ್ಲವೆಂದು ಜಯಾನಂದ ವಿವರಿಸಿದ. ಸಭರ್ವಾಲ್ ತಾಳ್ಮೆಯಿಂದಲೇ ಕೇಳಿಸಿಕೊಂಡರು.

“ಜಯಾ ಜೀ, ಈ ಸರ್ವರ್ ಯಾರದ್ದು?”

“ನಿಮ್ಮದು, ಸರ್.”

“ಕಾಗದಪತ್ರ?”

“ಕಂಪನಿಯದ್ದು.”

“ಅಚ್ಛಾ. ಮತ್ತೆ ನಾನು ನನ್ನ ಮನೆಯ ಬೀರು ತೆಗೆಯಲಿಕ್ಕೆ ಯಾರ ಅಪ್ಪಣೆ ಕೇಳಬೇಕು?”

ಅವರು ಹೇಳಿದ್ದರಲ್ಲಿ ಜಯಾನಂದನಿಗೆ ತಪ್ಪು ಕಾಣಲಿಲ್ಲ. ಸರ್ವರ್ ನೋಡಿಕೊಳ್ಳುವವನಿಗೆ ಒಂದು ದಾರಿ ಇದ್ದೇ ಇತ್ತು. ಫೋಲ್ಡರಿನ ಒಡೆತನವನ್ನೇ ತನ್ನ ಹೆಸರಿಗೆ ಬದಲಾಯಿಸಿಕೊಂಡರೆ ಬಾಗಿಲು ತೆರೆಯುತ್ತದೆ. ಇಷ್ಟು ವರ್ಷದಲ್ಲಿ ಎಲ್ಲಿಯೂ ಅವನು ಹಾಗೆ ಮಾಡಿರಲಿಲ್ಲ. ಬೆರಳು ಮೌಸಿನ ಮೇಲೆ ಒಂದು ಕ್ಷಣ ತಡೆಯಿತು. ಆಮೇಲೆ ಒತ್ತಿದ.

ಫೋಲ್ಡರು ತೆರೆಯಿತು. ಪರೀಕ್ಷೆಯ ಪಟ್ಟಿಗಳು, ಪತ್ರಗಳು, ಒಂದು ಮದುವೆಯ ಚಿತ್ರಗಳು. ನಡುವೆ ‘ಹಳದಿ ಬಣ್ಣ’ ಎಂಬ ಹೆಸರಿನ ಫೋಲ್ಡರು. ಸಭರ್ವಾಲ್ ಅವನ ಭುಜದ ಮೇಲಿಂದ ಬಗ್ಗಿ ಬೆರಳು ತೋರಿಸಿದರು. ಅದನ್ನು ತೆಗೆ ಎಂದರು. ತೆಗೆದ. ಆರು ಪುಟಗಳ ಸ್ಕ್ಯಾನ್ ಮಾಡಿದ ವರದಿ, ಯಾವುದೋ ಪ್ರಯೋಗಾಲಯದ ಮೊಹರು. ಸಭರ್ವಾಲ್ ಇದೇ, ಇದೇ ಎಂದು ಸಣ್ಣದಾಗಿ ಹೇಳಿಕೊಂಡರು.

ಕಣ್ಣಿನ ಹಳೆಯ ಅಭ್ಯಾಸ ಅಂದು ಕೈಕೊಟ್ಟಿತು. ಅಷ್ಟು ದೊಡ್ಡ ಅಕ್ಷರದಲ್ಲಿ ಪರದೆಯ ತುಂಬ ನಿಂತದ್ದನ್ನು ಓದದೆ ಇರುವುದು ಸಾಧ್ಯವಿರಲಿಲ್ಲ. ಮಾದರಿ: ಮರದ ಬಾತುಕೋಳಿ, ಹಳದಿ. ಸೀಸದ ಪ್ರಮಾಣ: ಒಂದು ಸಾವಿರದ ನಾನೂರ ಹತ್ತು. ಖರೀದಿದಾರರ ಮಿತಿ: ತೊಂಬತ್ತು.

ಅವನ ಮನೆಯಲ್ಲಿ ಅಂಥದೊಂದು ಬಾತುಕೋಳಿ ಇತ್ತು. ತಿಂಗಳ ಹಿಂದೆ ಸಭರ್ವಾಲ್ ಅವರೇ ಅವನ ಮಗಳಿಗೆಂದು ಕೈಯಾರೆ ಕೊಟ್ಟಿದ್ದರು. ನಾಲ್ಕು ವರ್ಷದ ಪ್ರಜ್ಞಾ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ಅದರ ಕೊಕ್ಕು ಕಚ್ಚುತ್ತಾಳೆಂದು ಹೆಂಡತಿ ನೀಲಾವತಿ ಗದರುವುದನ್ನು ಅವನು ದಿನಾ ಕೇಳುತ್ತಿದ್ದ.

“ಡಿಲೀಟ್ ಮಾಡು. ಬ್ಯಾಕಪ್ಪಿನಲ್ಲಿ ಇರುವುದನ್ನೂ,” ಎಂದರು ಸಭರ್ವಾಲ್.

ಜಯಾನಂದ ರೂಢಿಯಂತೆ ಚೀಲದಿಂದ ನೋಟ್‌ಬುಕ್ಕು ತೆಗೆದ. ‘ಹನ್ನೊಂದು ಗಂಟೆ ನಲವತ್ತು ನಿಮಿಷ. ಸಿಂಧೂರ ಅವರ ಫೋಲ್ಡರಿನ ಒಡೆತನ ಬದಲಾಯಿಸಿ ತೆರೆಯಲಾಯಿತು. ಹಳದಿ ಬಣ್ಣ ಎಂಬ ಫೋಲ್ಡರು ಅಳಿಸಲು ಆದೇಶ.’ ಕನ್ನಡದಲ್ಲಲ್ಲ, ಸಭರ್ವಾಲ್ ಓದಲೆಂದು ಇಂಗ್ಲಿಷಿನಲ್ಲಿ ಬರೆದು ಅವರ ಮುಂದೆ ಹಿಡಿದ.

“ಇಲ್ಲಿ ಸಹಿ ಮಾಡಿ, ಸರ್. ಆಮೇಲೆ ಅಳಿಸುತ್ತೇನೆ.”

ಸಭರ್ವಾಲ್ ಪುಟ ನೋಡಿದರು, ಅವನ ಮುಖ ನೋಡಿದರು. ಸಿಟ್ಟಾಗುತ್ತಾರೆಂದು ಜಯಾನಂದ ಕಾದಿದ್ದ. ಅವರು ಕುರ್ಚಿ ಎಳೆದುಕೊಂಡು ಕೂತರು. ಬಣ್ಣ ಕೊಟ್ಟವನು ಮೋಸ ಮಾಡಿದ, ತನಗೆ ತಿಳಿದದ್ದು ಮಾಲು ತಯಾರಾದ ಮೇಲೆ ಎಂದರು. ಹನ್ನೊಂದು ಸಾವಿರ ಬಾತುಕೋಳಿ ಡಬ್ಬಿಯಲ್ಲಿ ಕೂತಿವೆ. ನಾಳೆ ಹತ್ತಕ್ಕೆ ಖರೀದಿದಾರರ ಇನ್ಸ್‌ಪೆಕ್ಟರ್ ಬರುತ್ತಾನೆ. ಅವನಿಗೆ ತೋರಿಸಲು ಬೇರೆ ವರದಿ ಸಿದ್ಧವಿದೆ, ಈ ಹುಡುಗಿ ಮಾತ್ರ ಮೊದಲನೆಯದನ್ನು ಬಚ್ಚಿಟ್ಟು ಕೂತಿದ್ದಾಳೆ. ಈ ಮಾಲು ನಿಂತರೆ ಮಾನೇಸರದ ನೂರನಲವತ್ತು ಜನ ಮನೆಗೆ ಹೋಗುತ್ತಾರೆ. ಮುಂದಿನ ಮಾಲಿಗೆ ಒಳ್ಳೆಯ ಬಣ್ಣ ಆಗಲೇ ತರಿಸಿದ್ದಾಗಿದೆ. ಇದೊಂದು ಸಲ.

ಅವರ ದನಿಯಲ್ಲಿ ಸುಳ್ಳಿರಲಿಲ್ಲ, ಹೆದರಿಕೆ ಇತ್ತು. ಜಯಾನಂದನಿಗೆ ಅದು ಇನ್ನಷ್ಟು ಕಷ್ಟವಾಯಿತು. ಆ ಕಾರ್ಖಾನೆಯಲ್ಲಿ ಮರ ಉಜ್ಜುವ ಹೆಂಗಸರನ್ನು ಅವನು ನೋಡಿದ್ದ. ಅವನ ಒಂಬತ್ತು ಕಚೇರಿಗಳಲ್ಲಿ ನಾಲ್ಕು ಇದೇ ಮನುಷ್ಯ ಹೇಳಿ ಕೊಡಿಸಿದ್ದು. ಆದರೂ ಅವನ ಕಣ್ಣ ಮುಂದೆ ಬರುತ್ತಿದ್ದದ್ದು ಕಚ್ಚಿ ಕಚ್ಚಿ ಬಣ್ಣ ಹೋದ ಆ ಕೊಕ್ಕು.

“ಸಹಿ ಇಲ್ಲದೆ ನನ್ನಿಂದ ಆಗುವುದಿಲ್ಲ, ಸರ್.”

“ಸಹಿ ಮಾಡಿದರೆ ಮಾಡುತ್ತೀಯಾ?”

ಜಯಾನಂದ ತಲೆ ತಗ್ಗಿಸಿದ. ಇಲ್ಲ ಎಂದು ಹೇಳುವಷ್ಟು ಧೈರ್ಯ ಬರಲಿಲ್ಲ. ಆದರೆ ಇಬ್ಬರಿಗೂ ಉತ್ತರ ಗೊತ್ತಾಯಿತು.

ಸಭರ್ವಾಲ್ ಎದ್ದರು. ಸರ್ವರಿನ ಪಾಸ್‌ವರ್ಡು ಬರೆದಿಟ್ಟು ಹೊರಡು, ಇನ್ನು ನಿನ್ನ ಅಗತ್ಯವಿಲ್ಲ ಎಂದರು. ಇಂಥ ಕೆಲಸ ಬಲ್ಲವರು ಗುಡಗಾಂವಿನಲ್ಲಿ ಗಲ್ಲಿಗೊಬ್ಬರಿದ್ದಾರೆ ಎಂದರು. ಆಗ ಅವರ ಫೋನು ಬಡಿದುಕೊಂಡಿತು, ಮಾತನಾಡುತ್ತ ಹೊರಗೆ ಹೋದರು.

ಅವರು ಹಿಂದಿರುಗುವುದರೊಳಗೆ ಜಯಾನಂದನಿಗೆ ಎರಡು ಮೂರು ನಿಮಿಷ ಸಿಕ್ಕಿತು. ಕಿಸೆಯಲ್ಲಿ ಪೆನ್ ಡ್ರೈವ್ ಇತ್ತು. ಆರು ಪುಟ ನಕಲು ಮಾಡಿಕೊಳ್ಳಲು ಹತ್ತು ಸೆಕೆಂಡು ಸಾಕು. ಕೈ ಕಿಸೆಯವರೆಗೆ ಹೋಯಿತು, ಅಲ್ಲೇ ನಿಂತಿತು. ಇಷ್ಟು ವರ್ಷ ಯಾರ ಮನೆಯಿಂದಲೂ ಒಂದು ಕಾಗದ ಎತ್ತಿಕೊಂಡು ಬಂದವನಲ್ಲ. ಅವನು ಮಾಡಿದ್ದು ಇಷ್ಟೇ. ಫೋಲ್ಡರಿನ ಒಡೆತನವನ್ನು ಮತ್ತೆ ಸಿಂಧೂರಳ ಹೆಸರಿಗೆ ತಿರುಗಿಸಿದ, ಮೊದಲಿದ್ದ ಹಾಗೆ ಬಾಗಿಲು ಮುಚ್ಚಿದ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದ. ಪಾಸ್‌ವರ್ಡು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಮೇಲಿಟ್ಟ. ಅದು ಅವರ ಸ್ವತ್ತು, ಕೊಡದಿರಲು ಅವನಿಗೆ ಹಕ್ಕಿರಲಿಲ್ಲ.

ಕೆಳಗಿಳಿದು, ಎರಡು ತಿರುವು ದಾಟಿ, ಒಂದು ಬೇವಿನ ಮರದ ಕೆಳಗಿನ ಚಹಾ ಗಾಡಿಯ ಹತ್ತಿರ ಸ್ಕೂಟರು ನಿಲ್ಲಿಸಿದ. ಗಾಡಿಯವನು ಕೊಟ್ಟ ಚಹಾ ಕೈಯಲ್ಲೇ ಆರಿತು. ಸಿಂಧೂರಳಿಗೆ ಹೇಳಬೇಕೋ ಬೇಡವೋ ಎಂದು ಮುಕ್ಕಾಲು ಗಂಟೆ ತೂಗಿದ. ಹೇಳಿದರೆ ಮಾಲೀಕರ ಗುಟ್ಟು ಬಿಟ್ಟುಕೊಟ್ಟ ಹಾಗೆ. ಕರೋಲ್ ಬಾಗಿನಲ್ಲಿ ಬಾಯಿ ಬಿಟ್ಟು ಒಬ್ಬರ ಅನ್ನ ಕಳೆದಿದ್ದ, ಇಲ್ಲಿ ಬಾಯಿ ಮುಚ್ಚಿದರೆ ಎಷ್ಟು ಮಕ್ಕಳ ಬಾಯಿಗೆ ವಿಷ ಹೋಗುತ್ತದೋ ಲೆಕ್ಕವಿಲ್ಲ. ಕೊನೆಗೆ, ತಾನು ಮಾಡಿದ ಕೆಲಸವನ್ನಷ್ಟೇ ಹೇಳುತ್ತೇನೆ ಎಂದು ನಿಶ್ಚಯಿಸಿ ಫೋನ್ ಮಾಡಿದ.

“ಸಿಂಧೂರ ಅವರೇ, ಇವತ್ತು ನಿಮ್ಮ ಫೋಲ್ಡರನ್ನು ತೆರೆದಿದ್ದೇನೆ. ನಾನೇ ತೆರೆದದ್ದು. ನಿಮಗೆ ಹೇಳದೆ ಇರಲಿಕ್ಕೆ ಆಗಲಿಲ್ಲ.”

ಆ ಕಡೆ ಯಂತ್ರಗಳ ಸದ್ದು.

“ಹಳದಿ ಬಣ್ಣವನ್ನಾ?”

“ಹೌದು.”

“ಅಳಿಸಿದಿರಾ?”

“ನಾನು ಅಳಿಸಲಿಲ್ಲ. ಬೇರೆಯವರು ಬರುತ್ತಾರೆ.”

ಆ ವರದಿಯ ಕಾಗದದ ಪ್ರತಿಯನ್ನು ಅವಳಿಂದ ಆಗಲೇ ಕಿತ್ತುಕೊಂಡಿದ್ದರು. ಉಳಿದದ್ದು ಸರ್ವರಿನಲ್ಲಿ ಇದ್ದದ್ದೊಂದೇ. ಅವನು ಒಂದು ಪ್ರತಿ ಇಟ್ಟುಕೊಂಡಿರಬಹುದೆಂದು ಅವಳು ಆಸೆಯಿಂದ ಕೇಳಿದಳು. ಇಲ್ಲವೆಂದು ಹೇಳುವಾಗ ಜಯಾನಂದನಿಗೆ ತನ್ನ ಪ್ರಾಮಾಣಿಕತೆಯ ಮೇಲೇ ಸಿಟ್ಟು ಬಂತು. ಕಾರ್ಖಾನೆಯ ವ್ಯಾನು ಹಿಡಿದು ಬರುತ್ತೇನೆ ಎಂದು ಅವಳು ಫೋನ್ ಇಟ್ಟಳು. ಮಾನೇಸರದಿಂದ ಆ ರಸ್ತೆಯಲ್ಲಿ ಒಂದು ಗಂಟೆಯ ದಾರಿ.

ಮನೆಗೆ ಹೋಗಬಹುದಿತ್ತು, ಹೋಗಲಾಗಲಿಲ್ಲ. ಗಾಡಿಯ ಬಳಿ ನಿಂತೇ ಇದ್ದ. ಒಂದೂವರೆಯ ಸುಮಾರಿಗೆ ಬ್ಯಾಗು ಹೆಗಲಿಗೇರಿಸಿದ ಒಬ್ಬ ಯುವಕ ಸಭರ್ವಾಲ್ ಅವರ ಗೇಟಿನ ದಾರಿ ಕೇಳುತ್ತ ಮೋಟಾರ್ ಸೈಕಲಿನಲ್ಲಿ ಹೋದ. ಚಹಾ ಗಾಡಿಯವನೇ ಕೈ ತೋರಿಸಿದ. ಆ ಯುವಕ ಕೆಲಸ ಬಲ್ಲವನಾದರೆ ಒಡೆತನ ಬದಲಾಯಿಸಿ ಅಳಿಸಿಹಾಕಲು ಐದು ನಿಮಿಷ ಹೆಚ್ಚು.

ಎರಡೂ ಇಪ್ಪತ್ತಕ್ಕೆ ಸಿಂಧೂರಳ ಫೋನ್ ಬಂತು. ಹಿಂದಿನ ಮೆಟ್ಟಿಲಿನಿಂದ ತನ್ನ ಮೇಜಿಗೆ ಬಂದಿದ್ದಳು. ಸರ್ವರ್ ಕೋಣೆ ಮೇಲಿನ ಮಹಡಿಯಲ್ಲಿ, ಅವಳು ಬಂದದ್ದು ಅಲ್ಲಿಯವರಿಗೆ ತಿಳಿದಿರಲಿಲ್ಲ. ದನಿ ತಗ್ಗಿಸಿ, ಪಾಸ್‌ವರ್ಡು ಹಾಕಿ ಮೂರು ನಿಮಿಷವಾಯಿತು, ಪರದೆ ತೆರೆಯುತ್ತಲೇ ಇಲ್ಲ ಎಂದಳು. ನಿಮ್ಮ ಸೆಟಿಂಗ್ಸ್ ಸಿದ್ಧವಾಗುತ್ತಿವೆ ಎಂದು ಬರೆದುಕೊಂಡು ನಿಂತಿದೆ, ಆಫ್ ಮಾಡಿ ಮತ್ತೆ ಹಾಕಲೇ ಎಂದು ಕೇಳಿದಳು.

ಜಯಾನಂದ ಕಣ್ಣು ಮುಚ್ಚಿ ಯೋಚಿಸಿದ. ದಿನಾ ಅರ್ಧ ನಿಮಿಷದಲ್ಲಿ ತೆರೆಯುವ ಯಂತ್ರ. ಮೇಲೆ ಕೂತವನು ಏನೋ ಬದಲಾಯಿಸಿದ್ದಾನೆ. ಫೋಲ್ಡರಿನ ಬಾಗಿಲು ತೆರೆಯದ್ದನ್ನು ಕಂಡು, ನಿಯಮವನ್ನೇ ಕಿತ್ತುಹಾಕಿದರೆ ಬೀಗವೂ ಹೋಗುತ್ತದೆ ಎಂದುಕೊಂಡಿರಬೇಕು. ಬೀಗ ಹಾಗೆ ಹೋಗುವುದಿಲ್ಲ. ಆದರೆ ನಿಯಮ ಹೋದರೆ ಇನ್ನೊಂದು ಕೆಲಸ ನಡೆಯುತ್ತದೆ.

“ಮುಟ್ಟಬೇಡಿ. ಏನೂ ಒತ್ತಬೇಡಿ. ನಿಮ್ಮ ಕಾಗದಗಳು ಸರ್ವರಿನಿಂದ ನಿಮ್ಮ ಯಂತ್ರಕ್ಕೆ ವಾಪಸ್ಸು ಬರುತ್ತಿವೆ ಅಂತ ಕಾಣುತ್ತದೆ. ಪೂರ್ತಿ ಬರಲಿ.”

“ಎಷ್ಟು ಹೊತ್ತು?”

“ಗೊತ್ತಿಲ್ಲ. ಫೋನ್ ಇಡಬೇಡಿ.”

ಇಬ್ಬರೂ ಕಾದರು. ಅವಳ ಉಸಿರು ಅವನಿಗೆ ಕೇಳುತ್ತಿತ್ತು. ಮೇಲಿನವನು ಈಗ ಸರಿದಾರಿ ಹಿಡಿದು ಒಡೆತನ ಬದಲಾಯಿಸಿದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಆ ಮದುವೆಯ ಚಿತ್ರಗಳ ಮೇಲೆ ಅವನಿಗೆ ಸಿಟ್ಟು ಬಂತು, ಅವೇ ಹೊತ್ತು ತಿನ್ನುತ್ತಿರಬೇಕು. ನಾಲ್ಕು ನಿಮಿಷ. ಐದು. ಮೆಟ್ಟಿಲ ಮೇಲೆ ಯಾರೋ ಬರುತ್ತಿದ್ದಾರೆ ಎಂದು ಅವಳು ಪಿಸುಗುಟ್ಟಿದಳು. ಹೆಜ್ಜೆ ದಾಟಿ ಹೋಯಿತಂತೆ. ಆರು.

“ತೆರೆಯಿತು,” ಎಂದಳು.

ಮೈ ಡಾಕ್ಯುಮೆಂಟ್ಸ್ ಮೇಲೆ ಬಲಗಡೆಯ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ವಿಳಾಸ ಯಾವ ಅಕ್ಷರದಿಂದ ಶುರುವಾಗುತ್ತದೆ ನೋಡಿ ಎಂದ. ಮೊದಲಾದರೆ ಅಲ್ಲಿ ಸರ್ವರಿನ ಹೆಸರಿರುತ್ತಿತ್ತು. ಸಿ ಎಂದು ಇದೆ ಎಂದಳು ಅವಳು.

“ಹಾಗಾದರೆ ಅದು ನಿಮ್ಮ ಹತ್ತಿರವೇ ಇದೆ. ಮೇಲೆ ಏನು ಅಳಿಸಿದರೂ ಇದು ಹೋಗುವುದಿಲ್ಲ.”

ಅದಕ್ಕೂ ಮುಂದಿನದನ್ನು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಪ್ರಿಂಟರು ಸದ್ದು ಮಾಡತೊಡಗಿದ್ದು ಫೋನಿನಲ್ಲಿ ಕೇಳಿತು. ಆರು ಪುಟ. ಆಮೇಲೆ ಸಂಪರ್ಕ ಕಡಿಯಿತು. ಬೆಳಿಗ್ಗೆ ತಾನು ಒಡೆತನವನ್ನು ಅವಳ ಹೆಸರಿಗೆ ತಿರುಗಿಸದೆ ಎದ್ದು ಬಂದಿದ್ದರೆ ಆ ಕಾಗದಗಳು ಸರ್ವರ್ ಬಿಟ್ಟು ಕದಲುತ್ತಿರಲಿಲ್ಲ ಎಂಬುದು ಅವನಿಗೆ ಸ್ಕೂಟರು ಒದೆಯುವಾಗ ಹೊಳೆಯಿತು. ಅದನ್ನು ಲೆಕ್ಕ ಹಾಕಿ ಮಾಡಿದ್ದಲ್ಲ.

ಅಂದು ಸಂಜೆ ಅವನು ಮನೆಗೆ ಹೋದವನೇ ಬಾತುಕೋಳಿಯನ್ನು ಎತ್ತಿಕೊಂಡ. ಪ್ರಜ್ಞಾ, ಪಪ್ಪಾ ಮೇರಾ ಬತ್ತಖ್ ಕೊಡು ಎಂದು ಅತ್ತು ರಂಪ ಮಾಡಿದಳು. ನೀಲಾವತಿಗೆ ವಿಷಯ ಹೇಳಿದಾಗ ಅವಳು ಮಗುವಿನ ಬಾಯಿ ತೆರೆಸಿ ನೋಡಿದಳು, ಅಲ್ಲಿ ಏನೋ ಕಾಣುತ್ತದೆ ಎಂಬಂತೆ. ಮರುದಿನವೇ ಇಬ್ಬರೂ ಮಗುವನ್ನು ರಕ್ತಪರೀಕ್ಷೆಗೆ ಕರೆದೊಯ್ದರು. ವರದಿ ಬರಲು ಹತ್ತು ದಿನ. ಆ ಹತ್ತು ದಿನ ನೀಲಾವತಿ ಸರಿಯಾಗಿ ಊಟ ಮಾಡಲಿಲ್ಲ. ಸೀಸ ಸ್ವಲ್ಪ ಹೆಚ್ಚಿದೆ, ಹೆದರುವಷ್ಟಿಲ್ಲ, ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು. ಆರು ತಿಂಗಳ ಮೇಲೆ ಅದು ಇಳಿದಿತ್ತು.

ಮಂಗಳವಾರ ಹತ್ತು ಗಂಟೆಗೆ ಬಂದ ಇನ್ಸ್‌ಪೆಕ್ಟರನ ಕೈಗೆ ಸಿಂಧೂರ ಆ ಆರು ಪುಟ ಕೊಟ್ಟಳು, ಸಭರ್ವಾಲ್ ಎದುರಿಗೇ. ಮಾಲು ನಿಂತಿತು. ಅವಳನ್ನು ಅಂದೇ ಕೆಲಸದಿಂದ ತೆಗೆದರು. ಕಾರ್ಖಾನೆ ಮುಚ್ಚಲಿಲ್ಲ, ಆದರೆ ಮೂವತ್ತು ಜನರನ್ನು ಮನೆಗೆ ಕಳಿಸಿದರು. ಆ ಸುದ್ದಿ ಕೇಳಿದ ದಿನ ಜಯಾನಂದ ಯಾರೊಡನೆಯೂ ಮಾತನಾಡಲಿಲ್ಲ. ಕಂಪನಿಯ ದಾಖಲೆ ಕದ್ದನೆಂದು ಅವನ ಹೆಸರಿಗೆ ವಕೀಲರ ನೋಟೀಸು ಬಂತು. ನೋಟ್‌ಬುಕ್ಕಿನ ಆ ಪುಟವನ್ನು, ಸಹಿಯ ಜಾಗ ಖಾಲಿಯಿದ್ದ ಹಾಗೆಯೇ, ಜೆರಾಕ್ಸ್ ಮಾಡಿಸಿ ಕಳಿಸಿದ. ಮತ್ತೆ ನೋಟೀಸು ಬರಲಿಲ್ಲ. ಸಭರ್ವಾಲ್ ಕೊಡಿಸಿದ್ದ ನಾಲ್ಕು ಕಚೇರಿಗಳು ಮಾತ್ರ ಒಂದೊಂದಾಗಿ, ಒಂದೊಂದು ನೆಪ ಹೇಳಿ, ಅವನನ್ನು ಬಿಟ್ಟವು. ಒಂದು ವರ್ಷ ಬೆಳಗಿನ ಹೊತ್ತು ಭಾವನ ಹೋಟೆಲಿನಲ್ಲಿ ಮತ್ತೆ ಕೂತ.

ಎರಡು ವರ್ಷದ ನಂತರ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಂಧೂರ ಸಿಕ್ಕಳು. ನೋಯ್ಡಾದ ಒಂದು ಪ್ರಯೋಗಾಲಯದಲ್ಲಿ ಕೆಲಸ, ಮದುವೆಯಾಗಿತ್ತು. ನಿಮ್ಮ ಉಪಕಾರ ಮರೆಯುವುದಿಲ್ಲ ಎಂದಳು. ಜಯಾನಂದ ಎಲೆಯ ಮೇಲಿನ ಪಲ್ಯವನ್ನು ಅತ್ತಿತ್ತ ಸರಿಸಿದ.

“ಅವತ್ತು ನಿಮ್ಮನ್ನು ಕೇಳದೆ ತೆರೆದೆನಲ್ಲ,” ಎಂದ. “ಒಳಗೆ ಏನಿದೆ ಅಂತ ಗೊತ್ತಾಗುವ ಮೊದಲೇ ತೆರೆದಿದ್ದೆ. ಅದನ್ನು ನೀವು ಮರೆತಿರಬಹುದು.”

ಅವಳು ಸ್ವಲ್ಪ ಯೋಚಿಸಿ, ಮರೆತಿಲ್ಲ ಎಂದಳು. ಆಮೇಲೆ ಅವನ ಎಲೆಗೆ ಅನ್ನ ಬಡಿಸಲು ಬಂದವರಿಗೆ ಅವಳೇ, ಇವರಿಗೆ ಇನ್ನಷ್ಟು ಹಾಕಿ ಎಂದಳು.